ಐವತ್ತರ ದಣಿವು ಮತ್ತು ಟೆಸ್ಟೋಸ್ಟೆರಾನ್: ಈ ರಿಪೋರ್ಟನ್ನು ಹೇಗೆ ಓದಬೇಕು?

ತೋಟದ ಮನೆ, ಶಿರಸಿ

ಮನೆಯಲ್ಲಿ ಹೇಳಲು ಸಂಕೋಚವಾಗಿ, ಗೆಳೆಯರ ಎದುರು ತೆಗೆಯಲು ಮನಸ್ಸು ಬಾರದೆ ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಈಗ 51 ವರ್ಷ. ಹುಲೇಕಲ್ ಕಡೆಯಲ್ಲಿ ಅಡಿಕೆ ತೋಟವಿದೆ. ತೋಟ ಕೆಳಗೆ, ಮನೆ ಮೇಲೆ. ಆ ಏರನ್ನು ಚಿಕ್ಕಂದಿನಿಂದ ದಿನಕ್ಕೆ ನಾಲ್ಕೈದು ಬಾರಿ ಹತ್ತಿ ಇಳಿದವನು ನಾನು. ಈಗ ನಡುವೆ ಒಮ್ಮೆ ನಿಲ್ಲದೆ ಹತ್ತಲಾಗುವುದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಕಣ್ಣು ತೆರೆದಿಡುವುದೇ ಕಷ್ಟ. ಹೊಟ್ಟೆ ಮುಂದೆ ಬಂದಿದೆ, ತೋಳು ಸಣಕಲಾಗಿವೆ. ಕಳೆದ ಸಲದ ಅಡಿಕೆ ಕೊನೆ ಕೊಯ್ಲಿನಲ್ಲಿ, ಹದಿನೈದು ವರ್ಷಗಳಿಂದ ಮರ ಹತ್ತಿ ಕೊನೆ ಕೊಯ್ಯಲು ನಮ್ಮಲ್ಲಿಗೆ ಬರುವ ಕೊನೆಗೌಡನ ಮೇಲೆ ಸಣ್ಣ ಮಾತಿಗೆ ಎಷ್ಟು ರೇಗಿದೆನೆಂದರೆ ಅವನು ಮರುದಿನ ಬರಲಿಲ್ಲ. ಅದು ನನ್ನ ಸ್ವಭಾವವಲ್ಲ. ದಾಂಪತ್ಯದ ಆಸಕ್ತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತಾಗಿದೆ. ಮುಂಜಾನೆ ಏಳುವಾಗ ಗಂಡಸರಿಗೆ ಸಹಜವಾಗಿ ಆಗುವ ನಿಮಿರುವಿಕೆಯೂ ಅಪರೂಪವಾಗಿದೆ.

ಕಳೆದ ತಿಂಗಳು ಪೇಟೆಯಲ್ಲಿ ನಡೆದ ಆರೋಗ್ಯ ತಪಾಸಣೆಯ ಶಿಬಿರವೊಂದರಲ್ಲಿ ಸಂಜೆ ಐದು ಗಂಟೆಗೆ ರಕ್ತ ಕೊಟ್ಟೆ. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನಿನ ಒಟ್ಟು ಮಟ್ಟ ಪ್ರತಿ ಡೆಸಿಲೀಟರ್‌ಗೆ 258 ನ್ಯಾನೋಗ್ರಾಂ ಎಂದು ಬಂತು. ಅದರ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ಕಡಿಮೆ’ ಎಂದು ಬರೆದಿತ್ತು. ಅಲ್ಲಿದ್ದವರು, ಆರು ಇಂಜೆಕ್ಷನ್‌ಗಳ ಕೋರ್ಸು ಮಾಡಿಸಿಕೊಂಡರೆ ಮೂವತ್ತರ ಹರೆಯ ಮರಳುತ್ತದೆ ಎಂದರು. ಮುಂದಿನ ವಾರ ಮೊದಲನೆಯದಕ್ಕೆ ಬರಲು ಹೇಳಿದ್ದಾರೆ. ಮಾಡಿಸಿಕೊಳ್ಳಬೇಕೆ, ಬೇಡವೆ? ತಿಳಿದವರು ದಯವಿಟ್ಟು ಹೇಳಿ.

ಪ್ರಯೋಗಾಲಯದಿಂದ, ಕಾರವಾರ

ತೋಟದ ಮನೆಯವರೇ, ಇಪ್ಪತ್ತೆರಡು ವರ್ಷಗಳಿಂದ ರಕ್ತ ತೆಗೆದು ಪರೀಕ್ಷಿಸುವ ಕೆಲಸದಲ್ಲಿರುವ ನಾನು ಮೊದಲು ಆ ಸಂಜೆ ಐದು ಗಂಟೆಯ ಬಗ್ಗೆ ಹೇಳಬೇಕು. ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಿಗ್ಗೆ ಹೆಚ್ಚಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಆದ್ದರಿಂದ ರಕ್ತವನ್ನು ಬೆಳಿಗ್ಗೆ ಏಳರಿಂದ ಹತ್ತರ ಒಳಗೆ, ಬರಿಹೊಟ್ಟೆಯಲ್ಲಿ ಕೊಡಬೇಕು; ಸಿಹಿ ಅಥವಾ ಊಟ ಹೊಟ್ಟೆಗೆ ಬಿದ್ದ ಬಳಿಕ ಕೆಲವು ಗಂಟೆಗಳ ಕಾಲ ಮಟ್ಟ ಕಾಲುಭಾಗದಷ್ಟು ಕುಸಿಯುವುದೂ ಉಂಟು. ಜ್ವರವಿದ್ದಾಗ, ಆಸ್ಪತ್ರೆಯಿಂದ ಬಿಡುಗಡೆಯಾದ ಹೊಸತರಲ್ಲಿ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದಾಗ ಕೊಟ್ಟ ರಕ್ತದಿಂದಲೂ ತೀರ್ಮಾನಕ್ಕೆ ಬರಬಾರದು.

ಮೊದಲ ಸಲ ಕಡಿಮೆ ಬಂದರೆ ಬೇರೊಂದು ದಿನ, ಸಾಧ್ಯವಿದ್ದರೆ ಅದೇ ಲ್ಯಾಬಿನಲ್ಲಿ, ಮತ್ತೊಮ್ಮೆ ನೋಡಬೇಕು. ಒಬ್ಬನೇ ವ್ಯಕ್ತಿಯ ಎರಡು ಬೆಳಗಿನ ಫಲಿತಾಂಶಗಳ ನಡುವೆ ಐವತ್ತು ಅರವತ್ತು ಅಂಕಿಗಳ ವ್ಯತ್ಯಾಸ ಬಂದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನೊಂದು ವಿಚಾರ. ರಕ್ತದಲ್ಲಿರುವ ಈ ಹಾರ್ಮೋನಿನ ಸುಮಾರು ನೂರಕ್ಕೆ 98 ಭಾಗ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಎರಡು ಭಾಗ ಮಾತ್ರ ಬಿಡಿಯಾಗಿರುತ್ತದೆ. ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ವಯಸ್ಸಾದಂತೆ ಹೆಚ್ಚುತ್ತದೆ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯಿದ್ದರೆ ಕಡಿಮೆಯಾಗುತ್ತದೆ. ಹೊಟ್ಟೆ ಬಂದವರಲ್ಲಿ ಒಟ್ಟು ಅಂಕಿ ಕೆಳಗಿದ್ದರೂ ಬಿಡಿ ಹಾರ್ಮೋನು ಸರಿಯಾಗಿರಬಹುದು. ಎಪ್ಪತ್ತರ ತೆಳ್ಳನೆಯ ಅಜ್ಜನಲ್ಲಿ ಇದಕ್ಕೆ ತದ್ವಿರುದ್ಧವಾಗಿರಬಹುದು. ನಿಮ್ಮ ಆ ಕೆಂಪು ಅಕ್ಷರ ಇದ್ಯಾವುದನ್ನೂ ಹೇಳುವುದಿಲ್ಲ.

ನಿವೃತ್ತ ವೈದ್ಯ, ಕುಮಟಾ

ಮೇಲಿನ ಮಾತು ನೂರಕ್ಕೆ ನೂರು ಸರಿ. ಆ ಮೊದಲ ಇಂಜೆಕ್ಷನ್‌ಗೆ ಹೋಗಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ; ಕಾರಣವನ್ನು ತುಸು ವಿವರವಾಗಿ ಬರೆಯುತ್ತೇನೆ.

ಟೆಸ್ಟೋಸ್ಟೆರಾನ್ ಬಹುಪಾಲು ತಯಾರಾಗುವುದು ವೃಷಣಗಳ ಲೇಡಿಗ್ ಕೋಶಗಳಲ್ಲಿ. ಆದರೆ ಅವು ತಾವಾಗಿ ಕೆಲಸ ಮಾಡುವುದಿಲ್ಲ. ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ಎಲ್‌ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಅದು ವೃಷಣವನ್ನು ತಲುಪಿದಾಗ ತಯಾರಿಕೆ ನಡೆಯುತ್ತದೆ. ರಕ್ತದಲ್ಲಿ ಸಾಕಷ್ಟು ತುಂಬಿದಾಗ ಮೇಲಿನ ಸೂಚನೆ ತಾನಾಗಿ ತಗ್ಗುತ್ತದೆ. ಹೀಗಾಗಿ ಮಟ್ಟ ಇಳಿದಿದೆ ಎಂದಾಗ ಇಳಿದದ್ದು ಎಲ್ಲಿಂದ ಎಂದು ಕೇಳಬೇಕು. ಎಲ್‌ಎಚ್ ಹೆಚ್ಚಿದ್ದು ಟೆಸ್ಟೋಸ್ಟೆರಾನ್ ಕಡಿಮೆಯಿದ್ದರೆ ದೋಷ ವೃಷಣದಲ್ಲಿದೆ: ಹರೆಯದಲ್ಲಿ ಮಂಗಬಾವು ಬಂದು ವೃಷಣ ಊದಿಕೊಂಡದ್ದು, ಪೆಟ್ಟು ಬಿದ್ದದ್ದು, ಕಿಮೊಥೆರಪಿ, ಹುಟ್ಟಿನಿಂದ ಬಂದ ವರ್ಣತಂತುವಿನ ವ್ಯತ್ಯಾಸ ಇವೆಲ್ಲ ಅಲ್ಲಿಗೆ ಸೇರುತ್ತವೆ. ಎರಡೂ ಕಡಿಮೆಯಿದ್ದರೆ ಮೇಲಿನ ಸೂಚನೆಯೇ ಕ್ಷೀಣವಾಗಿದೆ ಎಂದರ್ಥ. ನಡುವಯಸ್ಸಿನವರಲ್ಲಿ ನಾವು ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆಯನ್ನು, ಅದರ ಹಿಂದೆ ಬಹಳ ಸಲ ಇರುವುದು ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರೆಯ ತೊಂದರೆ, ಮದ್ಯ, ಕೆಲವು ಔಷಧಿಗಳು. ಹೊಟ್ಟೆಯ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಹಾರ್ಮೋನು ತಗ್ಗಿದಾಗ ಕೊಬ್ಬು ಇನ್ನಷ್ಟು ಸೇರುತ್ತದೆ. ಒಂದನ್ನೊಂದು ಕೆಳಕ್ಕೆಳೆಯುವ ಸುಳಿ ಇದು.

ವಯಸ್ಸಿನ ಪಾಲು ಎಷ್ಟು? ಮೂವತ್ತು ನಲವತ್ತರ ನಂತರ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಷ್ಟು ಇಳಿಕೆ ಸಾಮಾನ್ಯ. ಹೆಂಗಸರಲ್ಲಿ ಮುಟ್ಟು ನಿಲ್ಲುವಾಗ ಅಂಡಾಶಯದ ಹಾರ್ಮೋನು ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ಗಂಡಸರಲ್ಲಿ ಅಂಥ ಕುಸಿತವಿಲ್ಲ, ನಿಧಾನವಾದ ಇಳಿಜಾರಿದೆ. ಆದ್ದರಿಂದ ‘ಗಂಡಸರ ಮುಟ್ಟು ನಿಲ್ಲುವಿಕೆ’ ಎಂಬ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಯುರೋಪಿನ ಎಂಟು ಊರುಗಳಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಣಿವು, ಬೇಸರ, ಏಕಾಗ್ರತೆಯ ಕೊರತೆ ಮುಂತಾದ ಹಲವು ಲಕ್ಷಣಗಳ ಪೈಕಿ ಹಾರ್ಮೋನಿನ ಇಳಿಕೆಯೊಂದಿಗೆ ಗಟ್ಟಿಯಾಗಿ ಕೂಡಿಬಂದವು ಮೂರೇ: ಮುಂಜಾನೆಯ ನಿಮಿರುವಿಕೆ ಇಲ್ಲವಾಗುವುದು, ಲೈಂಗಿಕ ಯೋಚನೆ ಕಡಿಮೆಯಾಗುವುದು, ನಿಮಿರುವಿಕೆಯ ದೌರ್ಬಲ್ಯ. ಈ ಮೂರೂ ಇದ್ದು, ಒಟ್ಟು ಮಟ್ಟ ಸುಮಾರು 320ಕ್ಕಿಂತ ಕೆಳಗಿದ್ದು, ಬಿಡಿ ಹಾರ್ಮೋನೂ ಕಡಿಮೆಯಿದ್ದವರು ಒಟ್ಟು ನೂರಕ್ಕೆ 2.1 ಮಂದಿ ಮಾತ್ರ. ಐವತ್ತರ ದಶಕದವರಲ್ಲಂತೂ ನೂರಕ್ಕೆ ಒಬ್ಬರೂ ಸಿಗಲಿಲ್ಲ.

ನಿಮ್ಮಲ್ಲಿ ಆ ಲಕ್ಷಣಗಳ ಪೈಕಿ ಎರಡಾದರೂ ಇವೆ, ಹಾಗಾಗಿ ನಿಮ್ಮ ದೂರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಳಗಿನ ಎರಡು ಪರೀಕ್ಷೆಗಳ ಜೊತೆಗೆ ಎಲ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯ ಇನ್ನೊಂದು ಹಾರ್ಮೋನು), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಥೈರಾಯ್ಡ್, ಹಿಮೋಗ್ಲೋಬಿನ್ ಮಾಡಿಸಿ. ಒಂದು ಪ್ರಶ್ನೆ: ನೀವು ಗೊರಕೆ ಹೊಡೆಯುತ್ತೀರಾ? ಇದನ್ನು ನಿಮ್ಮನ್ನಲ್ಲ, ನಿಮ್ಮ ಮನೆಯವರನ್ನು ಕೇಳಬೇಕು.

ರಾತ್ರಿ ಪಾಳಿ, ಕಾರವಾರ

ಡಾಕ್ಟರರು ನಿದ್ರೆಯ ಮಾತು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ ಪಾಳಿಯಲ್ಲಿ ದುಡಿದಿದ್ದೇನೆ, ಈಗ 47. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು ಹಗಲು ಮಲಗಿದರೆ ನಾಲ್ಕು ತಾಸಿನ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ. ಮೀನು ಮಾರುವವರ ಕೂಗು, ಶಾಲೆಯಿಂದ ಬರುವ ಮಕ್ಕಳು, ಮೇ ತಿಂಗಳ ಸೆಕೆ. ರಜೆಯ ದಿನ ಗೆಳೆಯರ ಜೊತೆ ಕುಡಿತವೂ ಸೇರಿಕೊಂಡಿತ್ತು. ನನಗೂ ಇದೇ ದಣಿವು, ಇದೇ ನಿರಾಸಕ್ತಿ ಬಂದಿತ್ತು.

ಆಗ ನನಗೆ ತಪಾಸಣೆ ಮಾಡಿದವರು 2011ರ ಅಮೆರಿಕದ ಒಂದು ಪ್ರಯೋಗದ ಕುರಿತು ಹೇಳಿದರು. ಆರೋಗ್ಯವಂತ ಹತ್ತು ಯುವಕರನ್ನು ಒಂದು ವಾರ ರಾತ್ರಿ ಐದೇ ತಾಸು ಮಲಗಗೊಟ್ಟಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ನೂರಕ್ಕೆ 10ರಿಂದ 15ರಷ್ಟು ಇಳಿಯಿತಂತೆ. ವಯಸ್ಸಿನ ಲೆಕ್ಕದಲ್ಲಿ ಅದು ಹತ್ತು ವರ್ಷ ಮುಪ್ಪಾದಷ್ಟು. ಹತ್ತೇ ಮಂದಿಯ ಪ್ರಯೋಗವಾದ್ದರಿಂದ ಅದನ್ನೇ ವೇದವಾಕ್ಯ ಮಾಡಬಾರದು, ಆದರೆ ನನ್ನ ಮಟ್ಟಿಗೆ ಅದು ಕಣ್ಣು ತೆರೆಸಿತು. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಹಾಕಿದೆ, ಫೋನನ್ನು ಹೊರಗಿನ ಕೋಣೆಯಲ್ಲಿ ಇಟ್ಟೆ, ಕುಡಿಯುವುದನ್ನು ಬಿಟ್ಟೆ. ಎಂಟು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದೆ. 290 ಇದ್ದದ್ದು 410ಕ್ಕೆ ಏರಿತು. ಯಾವ ಇಂಜೆಕ್ಷನ್ನೂ ಇಲ್ಲ. ತೋಟದ ಮನೆಯ ಅಣ್ಣ, ನೀವೂ ಇದನ್ನೇ ಮಾಡಿ. ಉಳಿದ ಪರೀಕ್ಷೆಗಳಿಗೆಲ್ಲ ದುಡ್ಡು ಸುರಿಯುವ ಅಗತ್ಯವಿಲ್ಲ.

ದೋಣಿ, ಬೈತಖೋಲ

ರಾತ್ರಿ ಪಾಳಿಯವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ನಾಲ್ಕು ವರ್ಷದ ಕಾರಣವಿದೆ.

ನಾನು ಮೀನುಗಾರ. 44ನೆಯ ವಯಸ್ಸಿನಲ್ಲಿ ನನಗೆ ಆಸಕ್ತಿ ಹೋಯಿತು, ಗಡ್ಡ ಬೆಳೆಯುವುದು ನಿಧಾನವಾಯಿತು, ಬಲೆ ಎಳೆಯುವಾಗ ಕೈ ಸೋಲತೊಡಗಿತು. ತೋರಿಸಿಕೊಂಡಲ್ಲೆಲ್ಲ ‘ವಯಸ್ಸಾಯಿತು, ತೂಕ ಇಳಿಸಿ, ಚಿಂತೆ ಬಿಡಿ’ ಎಂದೇ ಹೇಳಿದರು. ತೂಕ ಇಳಿಸಿದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮನೆಯಲ್ಲೇ ಇದ್ದು ಹೊಟ್ಟೆ ತುಂಬ ನಿದ್ದೆ ಮಾಡಿದೆ. ಏನೂ ಬದಲಾಗಲಿಲ್ಲ. ತಲೆನೋವು ಮಾತ್ರ ಹೆಚ್ಚಿತು, ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದೆ. ಒಂದು ನಸುಕಿನಲ್ಲಿ ಬಂದರಿಗೆ ಮರಳುವಾಗ ಎಡಬದಿಯಿಂದ ಬರುತ್ತಿದ್ದ ದೋಣಿಯ ದೀಪ ನನಗೆ ಕಾಣಲೇ ಇಲ್ಲ. ಪಕ್ಕದಲ್ಲಿದ್ದ ತಮ್ಮ ಕೂಗದಿದ್ದರೆ ಎರಡೂ ದೋಣಿ ಡಿಕ್ಕಿಯಾಗುತ್ತಿದ್ದವು. ಎದುರಿನದು ಸರಿಯಾಗಿ ಕಾಣುತ್ತಿತ್ತು, ಎಡ ಬಲದ ಅಂಚು ಮಾತ್ರ ಇರಲಿಲ್ಲ.

ಕಣ್ಣಿನ ಡಾಕ್ಟರರೇ ಮೊದಲು ಸಂಶಯಪಟ್ಟು ಸ್ಕ್ಯಾನ್‌ಗೆ ಕಳುಹಿಸಿದ್ದು. ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ವಿಪರೀತ ಇತ್ತು. ಅದು ಟೆಸ್ಟೋಸ್ಟೆರಾನನ್ನು ಅದುಮಿ ಹಿಡಿದಿತ್ತು. ಆಪರೇಷನ್ ಬೇಕಾಗಲಿಲ್ಲ. ಕ್ಯಾಬರ್ಗೊಲಿನ್ ಎಂಬ ಮಾತ್ರೆಯಿಂದ ಗಡ್ಡೆ ಕುಗ್ಗಿತು, ನೋಟ ಬಹುಪಾಲು ಮರಳಿತು, ಹಾರ್ಮೋನೂ ಮೆಲ್ಲಗೆ ಏರಿತು. ಪ್ರೊಲ್ಯಾಕ್ಟಿನ್ ಪರೀಕ್ಷೆಯೊಂದನ್ನು ನಾಲ್ಕು ವರ್ಷ ಮೊದಲೇ ಯಾರಾದರೂ ಬರೆದುಕೊಟ್ಟಿದ್ದರೆ ಸಾಕಿತ್ತು. ಆದ್ದರಿಂದ, ನಿದ್ದೆ ಮಾಡಿ, ತೂಕ ಇಳಿಸಿ ಎಂದು ಹೇಳುವವರು ಪರೀಕ್ಷೆ ಬೇಡ ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ನಿವೃತ್ತ ವೈದ್ಯ, ಕುಮಟಾ

ಬೈತಖೋಲದವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ವೃತ್ತಿಯವರ ಪರವಾಗಿ ವಾದಿಸುವುದಿಲ್ಲ. ನಾನೂ ‘ವಯಸ್ಸಾಯಿತು’ ಎಂಬ ಮಾತನ್ನು ಅಗತ್ಯಕ್ಕಿಂತ ಹೆಚ್ಚು ಸಲ ಆಡಿದ್ದೇನೆ ಎಂದು ಈಗ ಅನ್ನಿಸುತ್ತದೆ. ಇಂಥ ಗಡ್ಡೆ ಅಪರೂಪ, ಆದರೆ ಗುಣಪಡಿಸಬಹುದಾದ ಅಪರೂಪ. ಕೈತಪ್ಪಿದರೆ ಕಣ್ಣು ಹೋಗುತ್ತದೆ. ಟೆಸ್ಟೋಸ್ಟೆರಾನ್ 150ಕ್ಕಿಂತ ಕೆಳಗಿದ್ದು ಎಲ್‌ಎಚ್ ಕೂಡ ಏರಿರದಿದ್ದರೆ, ಪ್ರೊಲ್ಯಾಕ್ಟಿನ್ ಹೆಚ್ಚಿದ್ದರೆ, ಅಥವಾ ತಲೆನೋವು ಮತ್ತು ಪಕ್ಕದ ನೋಟದ ಕೊರತೆ ಜೊತೆಗಿದ್ದರೆ ಪಿಟ್ಯುಟರಿಯ ಎಂಆರ್‌ಐ ಮಾಡಿಸಲೇಬೇಕು. ಕಾರಣ ಹುಡುಕದೆ ಹೊರಗಿನಿಂದ ಹಾರ್ಮೋನು ತುಂಬಿದರೆ ಲಕ್ಷಣಗಳು ಮುಚ್ಚಿಹೋಗುತ್ತವೆ, ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ನೋವಿಗಾಗಿ ದೀರ್ಘಕಾಲ ಟ್ರಮಡಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು, ಉಬ್ಬಸ ಅಥವಾ ಸಂಧಿವಾತಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗುವವರು ಅದನ್ನೂ ವೈದ್ಯರಿಗೆ ತಿಳಿಸಬೇಕು. ಎರಡೂ ಮೇಲಿನ ಸೂಚನೆಯನ್ನು ತಗ್ಗಿಸುತ್ತವೆ. ತಾವಾಗಿ ನಿಲ್ಲಿಸುವುದು ಮಾತ್ರ ಅಪಾಯ, ಸ್ಟೀರಾಯ್ಡನ್ನಂತೂ ಥಟ್ಟನೆ ನಿಲ್ಲಿಸಲೇಬಾರದು.

ಮುರುಡೇಶ್ವರದ ಕಿರಿಯ

ಹಿರಿಯರ ನಡುವೆ ಬರೆಯಲು ಹಿಂಜರಿಕೆಯಿತ್ತು. ನನಗೆ 33. ಜಿಮ್‌ಗೆ ಹೋಗುತ್ತಿದ್ದಾಗ ಮೈಕಟ್ಟಿನ ಆಸೆಗೆ ಒಂದೂವರೆ ವರ್ಷ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡೆ. ಗಂಡಸುತನದ ಹಾರ್ಮೋನು ತಾನೆ, ಮಕ್ಕಳಾಗುವುದಕ್ಕೂ ಒಳ್ಳೆಯದೇ ಎಂದು ನಂಬಿದ್ದೆ. ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಹೆಂಡತಿಗೆ ಎಲ್ಲ ಪರೀಕ್ಷೆಗಳೂ ಆದವು, ಅವಳು ನೆಂಟರ ಮಾತನ್ನೆಲ್ಲ ನುಂಗಿಕೊಂಡಳು. ಕೊನೆಗೆ ನನ್ನ ವೀರ್ಯ ಪರೀಕ್ಷೆ ಮಾಡಿಸಿದಾಗ ಒಂದೇ ಒಂದು ವೀರ್ಯಾಣುವೂ ಇರಲಿಲ್ಲ.

ಡಾಕ್ಟರರು ಮೇಲೆ ಬರೆದ ಸರಪಳಿಯೇ ಕಾರಣ. ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯುಟರಿ ತನ್ನ ಸೂಚನೆಯನ್ನು ನಿಲ್ಲಿಸಿಬಿಡುತ್ತದೆ; ವೃಷಣದೊಳಗೆ ವೀರ್ಯಾಣು ಬೆಳೆಯಲು ಬೇಕಾದ ಹಾರ್ಮೋನು ಅಲ್ಲೇ ತಯಾರಾಗಬೇಕು, ಅದು ನಿಂತರೆ ವೀರ್ಯಾಣುವೂ ನಿಲ್ಲುತ್ತದೆ. ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಯೋಗ ನಡೆಸಿದ್ದೂ ಇದೇ ಇಂಜೆಕ್ಷನ್‌ನಿಂದಲೇ. ನಿಲ್ಲಿಸಿದ ಮೇಲೆ, ಚಿಕಿತ್ಸೆಯ ನಂತರ, ನನ್ನ ಎಣಿಕೆ ಮರಳಲು ಹದಿನಾಲ್ಕು ತಿಂಗಳು ಹಿಡಿಯಿತು. ನಡುವಯಸ್ಸಿನಲ್ಲಿ ಎರಡನೆಯ ಮದುವೆಯಾದವರು, ತಡವಾಗಿ ಮಕ್ಕಳನ್ನು ಬಯಸುವವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕು ಎಂಬುದಕ್ಕಾಗಿ ಬರೆದೆ.

ಆಯುರ್ವೇದ ವೈದ್ಯೆ, ಸಿದ್ದಾಪುರ

ತಮ್ಮ, ಬರೆದದ್ದು ಒಳ್ಳೆಯದಾಯಿತು. ನನ್ನ ಕ್ಷೇತ್ರದ ಬಗ್ಗೆ ಎರಡು ಮಾತು. ವಾಜೀಕರಣವು, ಅಂದರೆ ಲೈಂಗಿಕ ಶಕ್ತಿ ಮತ್ತು ಸಂತಾನಶಕ್ತಿಯ ಚಿಕಿತ್ಸೆಯು, ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಆದರೆ ಶಾಸ್ತ್ರದಲ್ಲಿ ಅದು ಶರೀರ ಶೋಧನೆ, ಆಹಾರ, ನಿದ್ರೆ, ಸಂಯಮ ಇವುಗಳ ನಂತರ ಬರುವಂಥದ್ದು; ಬಸ್ ನಿಲ್ದಾಣದ ಗೋಡೆಯಲ್ಲಿ ಕಾಣುವ ‘ಮೂರೇ ದಿನದಲ್ಲಿ ಶಕ್ತಿ’ ಎಂಬ ಜಾಹೀರಾತಿಗೂ ಅದಕ್ಕೂ ಸಂಬಂಧವಿಲ್ಲ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯಿದೆಯೇ ನಿಷೇಧಿಸಿದೆ.

ಅಶ್ವಗಂಧದಿಂದ ಟೆಸ್ಟೋಸ್ಟೆರಾನ್ ತುಸು ಏರಿದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ, ಅಷ್ಟೇ. ಅದರಿಂದ ಕೆಲವರಿಗೆ ಯಕೃತ್ತಿಗೆ ಹಾನಿಯಾದ ವರದಿಗಳೂ ಇರುವುದರಿಂದ ಕಾಮಾಲೆ ಬಂದವರಿಗೆ ನಾನು ಕೊಡುವುದಿಲ್ಲ. ನೆಗ್ಗಿಲಮುಳ್ಳು ಹಾರ್ಮೋನನ್ನು ಏರಿಸುತ್ತದೆ ಎಂಬುದು ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ. ನನಗೆ ನಿಜವಾದ ಭಯವಿರುವುದು ಹೆಸರಿಲ್ಲದ ಪುಡಿ, ಲೇಹ್ಯಗಳ ಬಗ್ಗೆ. ‘ಗಿಡಮೂಲಿಕೆ’ ಎಂದು ಮಾರುವ ಇಂಥವುಗಳಲ್ಲಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಎಂಬ ಔಷಧಿ ಬೆರೆಸಿರುವುದು ಅನೇಕ ದೇಶಗಳಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅರಿಯದೆ ಅದನ್ನು ತಿಂದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಅಘನಾಶಿನಿ ದಂಡೆ

ಬಳಚು, ಕಲ್ವ ಎಂಬ ಚಿಪ್ಪುಮೀನುಗಳನ್ನು ತಿಂದರೆ ಗಂಡಸರ ಶಕ್ತಿ ಹೆಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆಯೇ?

ನಿವೃತ್ತ ವೈದ್ಯ, ಕುಮಟಾ

ಕಲ್ವದಲ್ಲಿ ಸತುವು ಬಹಳ ಹೆಚ್ಚು, ಸತುವಿನ ಕೊರತೆ ತೀವ್ರವಾದರೆ ಟೆಸ್ಟೋಸ್ಟೆರಾನ್ ಇಳಿಯುವುದೂ ನಿಜ. ಕೊರತೆಯೇ ಇಲ್ಲದವರು ಹೆಚ್ಚು ತಿಂದರೆ ಹೆಚ್ಚು ಹಾರ್ಮೋನು ಬರುವುದಿಲ್ಲ. ರುಚಿಗಾಗಿ ಧಾರಾಳವಾಗಿ ತಿನ್ನಿ, ಚೆನ್ನಾಗಿ ಬೇಯಿಸಿ.

ಶಿಕ್ಷಕಿ, ಅಂಕೋಲಾ

ಇಲ್ಲಿಯವರೆಗೆ ಗಂಡಸರ ಶರೀರದ ಮಾತಾಯಿತು. ಅದೇ ಮನೆಯಲ್ಲಿರುವ ಹೆಂಗಸಿಗೆ ಇದು ಹೇಗೆ ಕಾಣುತ್ತದೆ ಎಂಬುದನ್ನು ನಾನು ಬರೆಯುತ್ತೇನೆ.

ನನ್ನ ಯಜಮಾನರಿಗೆ 52 ಆಗಿದ್ದಾಗ ಅವರು ಮಲಗುವ ಜಾಗವನ್ನು ಜಗಲಿಗೆ ಬದಲಿಸಿದರು. ಸೆಕೆ ಎಂದರು. ಮಳೆಗಾಲ ಬಂದರೂ ಒಳಗೆ ಬರಲಿಲ್ಲ. ನನಗೆ ಆಗ ಮುಟ್ಟು ನಿಲ್ಲುವ ಕಾಲ. ಮೈಯೆಲ್ಲ ಬಿಸಿಯೇರುವುದು, ರಾತ್ರಿ ಬೆವರುವುದು, ಅಳು ಬರುವುದು. ನಾನು ಬೇಡವಾದೆನೇನೋ ಎಂದು ನಾನು ತಿಳಿದೆ, ತಾವು ಅಪ್ರಯೋಜಕರಾದರೆಂದು ಅವರು ತಿಳಿದರು. ಎರಡು ವರ್ಷ ಇಬ್ಬರೂ ಈ ಬಗ್ಗೆ ಒಂದಕ್ಷರ ಆಡಲಿಲ್ಲ. ಮೂವತ್ತು ಮಕ್ಕಳಿಗೆ ಪಾಠ ಹೇಳಿ ಬರುವ ನನಗೆ, ನನ್ನ ಮನೆಯ ಜಗಲಿಗೆ ಹೋಗಿ ಒಂದು ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ.

ಆಮೇಲೆ ಅವರಿಗೆ ಎದೆನೋವು ಬಂತು. ಹೃದಯದ ರಕ್ತನಾಳದಲ್ಲಿ ಎರಡು ಕಡೆ ಅಡಚಣೆ, ಸ್ಟೆಂಟ್ ಹಾಕಿದರು. ಆಗ ಅಲ್ಲಿನ ವೈದ್ಯರು ಅವರನ್ನು ಒಬ್ಬರನ್ನೇ ಕೂರಿಸಿಕೊಂಡು, ನಿಮಿರುವಿಕೆಯ ತೊಂದರೆ ಎಷ್ಟು ದಿನದಿಂದ ಇದೆ ಎಂದು ಕೇಳಿದರಂತೆ. ಆ ಭಾಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಬಹಳ ಸಣ್ಣವು, ಕೊಬ್ಬು ಕಟ್ಟುವ ರೋಗ ಅಲ್ಲಿ ಮೊದಲು ತೋರಿಸಿಕೊಳ್ಳುತ್ತದೆ, ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಅದು ಕಾಣಿಸಿಕೊಳ್ಳುವುದು ಸಾಮಾನ್ಯ ಎಂದು ವಿವರಿಸಿದರಂತೆ. ಅವರ ಟೆಸ್ಟೋಸ್ಟೆರಾನ್ ಆಮೇಲೆ ನೋಡಿದಾಗ ಸರಿಯಾಗಿಯೇ ಇತ್ತು. ಹಾರ್ಮೋನಿನದಲ್ಲ, ನಾಳದ ತೊಂದರೆ. ಜಗಲಿಗೆ ಹೋದ ವರ್ಷವೇ ನಾವು ಮಾತಾಡಿದ್ದರೆ, ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸಿದ್ದರೆ, ಎಂದು ಇಂದಿಗೂ ಅನ್ನಿಸುತ್ತದೆ.

ತೋಟದ ಮನೆಯವರೇ, ‘ಮನೆಯಲ್ಲಿ ಹೇಳಲು ಸಂಕೋಚ’ ಎಂದು ಬರೆದಿದ್ದೀರಿ. ಈ ಪುಟವನ್ನು ನಿಮ್ಮ ಮನೆಯವರಿಗೆ ಓದಲು ಕೊಡಿ. ಬಾಯಿಂದ ಹೇಳುವುದು ಕಷ್ಟವಾದರೆ ಇಷ್ಟು ಸಾಕು.

ಹೊನ್ನಾವರ, ಇಂಜೆಕ್ಷನ್ ತೆಗೆದುಕೊಂಡವ

ಎಲ್ಲರೂ ಇಂಜೆಕ್ಷನ್ ವಿರುದ್ಧವೇ ಬರೆಯುತ್ತಿದ್ದೀರಿ. ನನಗೆ 56, ಮೊದಲ ಡೋಸಿನ ಮರುದಿನವೇ ಮೈಯಲ್ಲಿ ಹೊಸ ಹುರುಪು ಬಂತು. ಒಳ್ಳೆಯದಾದವರ ಮಾತೂ ಇಲ್ಲಿರಲಿ.

ನಿವೃತ್ತ ವೈದ್ಯ, ಕುಮಟಾ

ಇರಲೇಬೇಕು. ನಿಮಗೆ ಒಳ್ಳೆಯದಾಗಿದ್ದರೆ ನನಗೆ ಸಂತೋಷವೇ. ಆದರೆ ಮರುದಿನದ ಹುರುಪಿನ ಬಗ್ಗೆ ಒಂದು ಹಳೆಯ ಸಂಗತಿಯನ್ನು ನೆನಪಿಸುತ್ತೇನೆ. 1889ರಲ್ಲಿ ಬ್ರೌನ್ ಸೆಕಾರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞರು ತಮ್ಮ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಾವೇ ಚುಚ್ಚಿಕೊಂಡು, ಬಲ ಮರಳಿತು ಎಂದು ಪ್ಯಾರಿಸಿನ ವಿದ್ವತ್ಸಭೆಯಲ್ಲಿ ವರದಿ ಮಾಡಿದರು. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆಯಿತ್ತು ಎಂದು ಈಗ ಗೊತ್ತಾಗಿದೆ. ಅವರು ಸುಳ್ಳು ಹೇಳಲಿಲ್ಲ. ನಂಬಿಕೆಯೇ ಅವರಿಗೆ ಹುರುಪು ಕೊಟ್ಟಿತ್ತು. ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1935ರಲ್ಲಿ.

ನಿಜವಾದ ಕೊರತೆಯಿದ್ದವರಿಗೆ ಟೆಸ್ಟೋಸ್ಟೆರಾನ್ ಒಳ್ಳೆಯ ಔಷಧಿ, ಕೆಲವರಿಗೆ ಜೀವನಪೂರ್ತಿ ಬೇಕಾದ ಔಷಧಿ. ವಯಸ್ಸಿನ ಇಳಿಕೆಗೆ ಅದನ್ನು ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಎರಡು ದೊಡ್ಡ ಪರೀಕ್ಷೆಗಳಿವೆ. 65 ದಾಟಿದ 790 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದದ್ದರಲ್ಲಿ ಲೈಂಗಿಕ ಆಸಕ್ತಿ ಸಾಧಾರಣ ಮಟ್ಟಿಗೆ ಸುಧಾರಿಸಿತು. ದಣಿವಿನ ಮಟ್ಟಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೃದ್ರೋಗ ಇದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಐದು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದದ್ದರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಲಿಲ್ಲ. ಇದು ಸಮಾಧಾನದ ಸುದ್ದಿ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ದಿಢೀರ್ ತೊಂದರೆಯಾಗುವುದು, ಈ ಮೂರೂ ತುಸು ಹೆಚ್ಚಾಗಿ ಕಂಡವು.

ಆದ್ದರಿಂದ ತೆಗೆದುಕೊಳ್ಳುವವರು ಲೆಕ್ಕವಿಟ್ಟು ತೆಗೆದುಕೊಳ್ಳಬೇಕು. ಈ ಹಾರ್ಮೋನು ಕೆಂಪು ರಕ್ತಕಣಗಳನ್ನು ಹೆಚ್ಚಿಸಿ ರಕ್ತವನ್ನು ದಪ್ಪ ಮಾಡುತ್ತದೆ. ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೂರಕ್ಕೆ 54 ದಾಟಿದರೆ ನಿಲ್ಲಿಸಬೇಕು. ಪ್ರೊಸ್ಟೇಟ್ ಗ್ರಂಥಿಗಾಗಿ ಪಿಎಸ್‌ಎ ಎಂಬ ರಕ್ತಪರೀಕ್ಷೆ ನೋಡಬೇಕು. ಮೂರರಿಂದ ಆರು ತಿಂಗಳಲ್ಲಿ ಮರುಪರೀಕ್ಷೆ ಆಗಬೇಕು. ಪ್ರೊಸ್ಟೇಟ್ ಕ್ಯಾನ್ಸರ್ ಇರುವವರಿಗೆ, ಇತ್ತೀಚೆಗೆ ಹೃದಯಾಘಾತವಾದವರಿಗೆ, ಚಿಕಿತ್ಸೆ ಪಡೆಯದ ತೀವ್ರ ನಿದ್ರಾ ಉಸಿರುಗಟ್ಟುವಿಕೆ ಇರುವವರಿಗೆ ಕೊಡಬಾರದು. ಹೊನ್ನಾವರದವರೇ, ನಿಮಗೆ ಇಂಜೆಕ್ಷನ್ ಕೊಟ್ಟವರು ಹೆಮಟೊಕ್ರಿಟ್ ನೋಡಿದ್ದಾರೆಯೇ?

ಹೊನ್ನಾವರ, ಇಂಜೆಕ್ಷನ್ ತೆಗೆದುಕೊಂಡವ

ಇಲ್ಲ. ನಾಳೆ ಬೆಳಿಗ್ಗೆಯೇ ಮಾಡಿಸುತ್ತೇನೆ.

ತೋಟದ ಮನೆ, ಶಿರಸಿ — ಒಂಬತ್ತು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಇಂಜೆಕ್ಷನ್‌ಗೆ ಹೋಗಲಿಲ್ಲ. ಅಂಕೋಲೆಯ ಅಕ್ಕನವರು ಹೇಳಿದಂತೆ ಈ ಪುಟವನ್ನು ಮನೆಯವಳ ಕೈಗೆ ಕೊಟ್ಟು ನಾನು ತೋಟಕ್ಕೆ ಇಳಿದೆ. ಮೇಲೆ ಬಂದಾಗ ಅವಳು ಮೊದಲು ಹೇಳಿದ್ದು ಗೊರಕೆಯ ಮಾತು: ‘ಗೊರಕೆಯಾದರೆ ಪರವಾಗಿಲ್ಲ, ಅದು ನಿಂತಾಗಲೇ ನನಗೆ ಹೆದರಿಕೆ. ಉಸಿರೇ ಇರುವುದಿಲ್ಲ. ನಾನು ಎಣಿಸುತ್ತಾ ಮಲಗಿರುತ್ತೇನೆ.’ ಇದನ್ನು ಅವಳು ಇಷ್ಟು ವರ್ಷ ನನಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಬರಿಹೊಟ್ಟೆಯಲ್ಲಿ, ಹತ್ತು ದಿನದ ಅಂತರದಲ್ಲಿ ಕೊಟ್ಟ ಎರಡು ರಕ್ತದಲ್ಲಿ 322 ಮತ್ತು 305 ಬಂದಿವೆ. ಎಸ್‌ಎಚ್‌ಬಿಜಿ ಕಡಿಮೆ, ಅದರ ಮೇಲೆ ಲೆಕ್ಕ ಹಾಕಿದ ಬಿಡಿ ಹಾರ್ಮೋನು ಮಿತಿಯ ಒಳಗೇ ಇದೆ. ಎಲ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್ ಸರಿಯಾಗಿವೆ. ಎಚ್‌ಬಿಎ1ಸಿ 7.3. ಅಂದರೆ ನನಗೆ ಸಕ್ಕರೆ ಕಾಯಿಲೆ ಇದೆ, ಗೊತ್ತೇ ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಒಂದು ರಾತ್ರಿ ನಿದ್ರೆಯ ಪರೀಕ್ಷೆ ಮಾಡಿಸಿದೆವು. ಗಂಟೆಗೆ 34 ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂದು ಬಂತು. ತೀವ್ರ ಮಟ್ಟದ್ದೆಂದರು. ಆ ಶಿಬಿರದವರ ಮಾತು ಕೇಳಿ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಇದು ಇನ್ನಷ್ಟು ಕೆಡುವ ಸಾಧ್ಯತೆಯಿತ್ತು ಎಂದು ಅಲ್ಲಿನವರೂ ಹೇಳಿದರು.

ಈಗ ರಾತ್ರಿ ಮುಖಕ್ಕೆ ಗಾಳಿಯೊತ್ತಡದ ಯಂತ್ರ ಕಟ್ಟಿಕೊಂಡು ಮಲಗುತ್ತೇನೆ. ಮೊದಲ ವಾರ ಹಿಂಸೆಯಾಯಿತು, ಎರಡು ಸಲ ಕಿತ್ತೆಸೆದೆ, ಈಗ ಅಭ್ಯಾಸವಾಗಿದೆ. ಯಂತ್ರವೊಂದರಿಂದಲೇ ಹಾರ್ಮೋನು ಏರುತ್ತದೆಂದು ನೆಚ್ಚಬೇಡಿ, ತೂಕ ಇಳಿದರೆ ಏರಬಹುದು ಎಂದಿದ್ದಾರೆ. ನಾಲ್ಕು ಕಿಲೋ ಇಳಿದಿದ್ದೇನೆ. ಸಕ್ಕರೆಗೆ ಮಾತ್ರೆ ಶುರುವಾಗಿದೆ. ರಾತ್ರಿ ಅನ್ನದ ಬದಲು ರೊಟ್ಟಿ, ಮಧ್ಯಾಹ್ನದ ಕವಳವನ್ನು (ಎಲೆಯಡಿಕೆಯನ್ನು) ಪೂರ್ತಿ ಬಿಟ್ಟಿದ್ದೇನೆ. ಮಧ್ಯಾಹ್ನದ ಜೊಂಪು ಹೋಗಿದೆ. ದಾಂಪತ್ಯದ ಮಟ್ಟಿಗೆ ಇನ್ನೂ ಹೇಳಿಕೊಳ್ಳುವ ಬದಲಾವಣೆ ಇಲ್ಲ, ಆದರೆ ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತೇವೆ. ಬೈತಖೋಲದವರ ಮಾತು ನೆನಪಿನಲ್ಲಿದೆ. ಆರು ತಿಂಗಳಲ್ಲಿ ಮಟ್ಟ ಏರದಿದ್ದರೆ ಹಾರ್ಮೋನು ತಜ್ಞರನ್ನು ಕಾಣುವುದೆಂದು ಈಗಲೇ ನಿಶ್ಚಯಿಸಿದ್ದೇನೆ.

ಕೊನೆಗೌಡನ ಮನೆಗೆ ಹೋಗಿ ಬಂದೆ. ಈ ವರ್ಷದ ಕೊಯ್ಲಿಗೆ ಬರುತ್ತಾನೆ. ಅವನಿಗೂ 49, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತೇನೆ, ಮರ ಹತ್ತುವಾಗ ಕೈಕಾಲು ಸೋಲುತ್ತವೆ ಎಂದ. ಸೋಮವಾರ ಬೆಳಿಗ್ಗೆ ಏನೂ ತಿನ್ನದೆ ಬಾ ಎಂದು ಹೇಳಿದ್ದೇನೆ, ಇಬ್ಬರೂ ಲ್ಯಾಬಿಗೆ ಹೋಗುತ್ತೇವೆ.